ಹಿಮ ಸುರಿದರೆ ವಿಶ್ವವಿದ್ಯಾಲಯಕ್ಕೆ ರಜೆ, ಆಸ್ಪತ್ರೆಗೆ?

ಕರಾವಳಿ, ಮಲೆನಾಡು, ಕೊಡಗಿನ ಕಡೆಯವರಿಗೆ 'ಮಳೆ ರಜೆ' ಹೊಸದಲ್ಲ. ಹಿಂದಿನ ರಾತ್ರಿಯೋ ಬೆಳಗಿನ ಜಾವವೋ ಜಿಲ್ಲಾಧಿಕಾರಿಯ ಆದೇಶ ವಾಟ್ಸ್‌ಆಪ್‌ನಲ್ಲಿ ಓಡಾಡತೊಡಗುತ್ತದೆ. ಅಂಗನವಾಡಿಗೆ, ಶಾಲೆಗೆ, ಕೆಲವೊಮ್ಮೆ ಪಿಯು ಕಾಲೇಜಿಗೂ ರಜೆ. ಅದೇ ದಿನ ಆಸ್ಪತ್ರೆಯ ನರ್ಸ್‌ಗಳು ಕೊಡೆ ಹಿಡಿದುಕೊಂಡು ಕೆಲಸಕ್ಕೆ ಹೋಗಿಯೇ ಹೋಗುತ್ತಾರೆ. ಅವರಿಗೆ ರಜೆ ಏಕಿಲ್ಲ ಎಂದು ನಾವು ಯಾರೂ ಕೇಳುವುದಿಲ್ಲ. ಅವರು ದಾರಿಯಲ್ಲಿ ಹೇಗೆ ಹೋಗುತ್ತಾರೆ ಎಂದೂ ಕೇಳುವುದಿಲ್ಲ.

ಇದೇ ಪ್ರಶ್ನೆ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಪ್ರತಿ ಚಳಿಗಾಲವೂ ಏಳುತ್ತದೆ. ಅಲ್ಲಿ ಸುರಿಯುವುದು ಮಳೆಯಲ್ಲ, ಹಿಮ. ಮಿಷಿಗನ್, ಇಲಿನಾಯ್, ಮಸಾಚುಸೆಟ್ಸ್, ನ್ಯೂಯಾರ್ಕ್‌ನಂತಹ ರಾಜ್ಯಗಳ ಆಸ್ಪತ್ರೆ ಹಾಗೂ ವಿಶ್ವವಿದ್ಯಾಲಯಗಳಲ್ಲಿ ಕನ್ನಡಿಗರೂ ಕೆಲಸ ಮಾಡುತ್ತಾರೆ, ಓದುತ್ತಾರೆ. ಹಾಗಾಗಿ ಈ ಹಿಮ ರಜೆಯ ನಿಯಮಗಳು ನಮ್ಮಲ್ಲಿ ಅನೇಕರ ಮನೆಗೆ ಸಂಬಂಧಪಟ್ಟ ವಿಷಯವೇ.

ಮೊದಲನೆಯ ವ್ಯತ್ಯಾಸ, ರಜೆ ಕೊಡುವವರು ಯಾರು ಎಂಬುದರಲ್ಲಿದೆ. ಅಲ್ಲಿ ಇಡೀ ಜಿಲ್ಲೆಗೆ ಒಂದೇ ಆದೇಶ ಹೊರಡಿಸುವ ಜಿಲ್ಲಾಧಿಕಾರಿ ಇಲ್ಲ. ರಸ್ತೆ ಮುಚ್ಚುವ ಅಧಿಕಾರ ರಾಜ್ಯಪಾಲರಿಗೆ ಅಥವಾ ಕೌಂಟಿಯ ಆಡಳಿತಕ್ಕೆ ಇರುತ್ತದೆ. ಅಂದಹಾಗೆ, ಅಲ್ಲಿನ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯಂತೆ ಚುನಾಯಿತರು. ಆದರೆ ತರಗತಿ ನಡೆಸಬೇಕೋ ಬೇಡವೋ, ಸಿಬ್ಬಂದಿ ಬರಬೇಕೋ ಬೇಡವೋ ಎಂಬುದನ್ನು ಆಯಾ ಸಂಸ್ಥೆಯೇ ತೀರ್ಮಾನಿಸುತ್ತದೆ. ರಸ್ತೆಯ ಸ್ಥಿತಿ, ಬಸ್ ಸಂಚಾರ, ಹವಾಮಾನ ಇಲಾಖೆಯ ಮುನ್ಸೂಚನೆ ಎಲ್ಲವನ್ನೂ ನೋಡಿ ಬೆಳಗಿನ ಜಾವವೇ ಸಂದೇಶ ಕಳಿಸುವುದು ವಾಡಿಕೆ.

ದೊಡ್ಡ ವಿಶ್ವವಿದ್ಯಾಲಯಗಳು ಸುಲಭಕ್ಕೆ ಬಾಗಿಲು ಹಾಕುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯವು 1978ರ ಹಿಮಬಿರುಗಾಳಿಯ ನಂತರ ಹವಾಮಾನದ ಕಾರಣಕ್ಕೆ ತರಗತಿಗಳನ್ನು ರದ್ದು ಮಾಡಿದ್ದು 2014ರ ಜನವರಿಯಲ್ಲಿ, ಅಂದರೆ 36 ವರ್ಷಗಳ ನಂತರ. ಅದಾದ ಐದೇ ವರ್ಷಕ್ಕೆ, 2019ರ ಜನವರಿ ಕೊನೆಯಲ್ಲಿ, ಮತ್ತೆ ಅಂಥದೇ ಸಂದರ್ಭ ಬಂತು. ಜನವರಿ 30ರಂದು ಶಿಕಾಗೋದ ಓಹೇರ್ ವಿಮಾನನಿಲ್ದಾಣದಲ್ಲಿ ತಾಪಮಾನ ಮೈನಸ್ 31 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿದಿತ್ತು. ಅಂಚೆ ಇಲಾಖೆ ಕೂಡ ಅಲ್ಲಿನ ಹಲವು ಕಡೆ ಬಟವಾಡೆ ನಿಲ್ಲಿಸಿತು.

ಹಾಗಾದರೆ ವಿಶ್ವವಿದ್ಯಾಲಯ ಮುಚ್ಚಿದ ದಿನ ಅಲ್ಲಿ ಯಾರೂ ಇರುವುದಿಲ್ಲವೇ? ಇದೊಂದು ಸಾಮಾನ್ಯ ತಪ್ಪುಕಲ್ಪನೆ. ಹಾಸ್ಟೆಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳಿರುತ್ತಾರೆ, ಅವರಿಗೆ ಮೂರು ಹೊತ್ತು ಊಟ ಬೇಕು. ಕಟ್ಟಡಗಳನ್ನು ಬೆಚ್ಚಗಿಡುವ ಬಾಯ್ಲರ್‌ಗಳು ಒಂದು ರಾತ್ರಿ ನಿಂತರೆ ನೀರಿನ ಪೈಪುಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಪ್ರಯೋಗಾಲಯದ ಇಲಿಗಳಿಗೆ ಮೇವು ನೀರು ಹಾಕಬೇಕು. ರಸ್ತೆಯ ಹಿಮ ತೆಗೆಯುವವರು ಬೇಕು, ಕಾವಲಿನವರು ಬೇಕು. ಇವರನ್ನೆಲ್ಲ 'ಅಗತ್ಯ ಸಿಬ್ಬಂದಿ' ಎಂಬ ಪಟ್ಟಿಯಲ್ಲಿ ಮೊದಲೇ ಸೇರಿಸಿರುತ್ತಾರೆ. ರಜೆಯ ಸಂದೇಶ ಮೊಬೈಲಿಗೆ ಬಂದಾಗ ಅದು ತಮಗೆ ಅನ್ವಯಿಸುವುದಿಲ್ಲ ಎಂದು ಇವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಗೊಂದಲ ಖಂಡಿತ. ವಿಶ್ವವಿದ್ಯಾಲಯಕ್ಕೇ ಸೇರಿದ ಆಸ್ಪತ್ರೆಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಕತ್ತಿನಲ್ಲಿ ನೇತಾಡುವ ಗುರುತಿನ ಚೀಟಿ ಒಂದೇ ಸಂಸ್ಥೆಯದು, ಆದರೆ ರಸ್ತೆಯ ಈ ಬದಿಯ ಕಚೇರಿಗೆ ಒಂದು ನಿಯಮ, ಆ ಬದಿಯ ವಾರ್ಡಿಗೆ ಇನ್ನೊಂದು!

ಇನ್ನು ಆಸ್ಪತ್ರೆಗಳ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಸರಕಾರಿ ವಿಮಾ ಯೋಜನೆಗಳಾದ ಮೆಡಿಕೇರ್, ಮೆಡಿಕೇಯ್ಡ್‌ಗಳಿಂದ ಹಣ ಪಡೆಯುವ ಆಸ್ಪತ್ರೆಗಳೆಲ್ಲ ತುರ್ತು ಸಿದ್ಧತೆಯ ಲಿಖಿತ ಯೋಜನೆ ಇಟ್ಟುಕೊಂಡಿರಲೇಬೇಕು ಎಂಬ ನಿಯಮ 2016ರಲ್ಲಿ ಬಂತು, 2017ರ ನವೆಂಬರ್‌ನಿಂದ ಅದರ ಪಾಲನೆ ಕಡ್ಡಾಯವಾಯಿತು. ಆ ಯೋಜನೆಯಲ್ಲಿ ಸಿಬ್ಬಂದಿಯ ವಿಷಯವೂ ಇರಬೇಕು. ಕಾಗದದ ಮೇಲಿನ ಈ ಮಾತು ಬಿರುಗಾಳಿಯ ಹಿಂದಿನ ದಿನ ಹೇಗೆ ಕಾಣುತ್ತದೆ ಎಂದರೆ, ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡುತ್ತಾರೆ, ಡಯಾಲಿಸಿಸ್ ರೋಗಿಗಳನ್ನು ಒಂದು ದಿನ ಮೊದಲೇ ಕರೆಸಿಕೊಳ್ಳುತ್ತಾರೆ, ಮಡಚುವ ಮಂಚಗಳು ಸಭಾಂಗಣಗಳಿಗೆ ಬರುತ್ತವೆ. ಮರುದಿನ ಬೆಳಗ್ಗೆ ಪಾಳಿ ಇರುವವರಿಗೆ ಹಿಂದಿನ ಸಂಜೆಯೇ ಬಟ್ಟೆಬರೆ, ತಮ್ಮ ಔಷಧಿಗಳೊಂದಿಗೆ ಬಂದು ಅಲ್ಲೇ ಮಲಗಲು ಹೇಳುತ್ತಾರೆ. ಫೋರ್-ವೀಲ್ ಡ್ರೈವ್ ಗಾಡಿ ಇರುವ ಸ್ವಯಂಸೇವಕರು ನರ್ಸ್‌ಗಳನ್ನು ಮನೆಯಿಂದ ಕರೆತರುವುದೂ ಉಂಟು.

ಪಾಳಿ ಮುಗಿದವರ ಕಷ್ಟ ಬೇರೆ. ಮುಂದಿನವರು ಬಂದು ರೋಗಿಗಳ ಹೊಣೆ ವಹಿಸಿಕೊಳ್ಳುವವರೆಗೆ ನರ್ಸ್ ಹೊರಡುವಂತಿಲ್ಲ, ಹಾಗೆ ಬಿಟ್ಟುಹೋದರೆ ಲೈಸೆನ್ಸಿಗೇ ಕುತ್ತು ಬರಬಹುದು. ಹಾಗಾಗಿ ಹನ್ನೆರಡು ಗಂಟೆಯ ಪಾಳಿ ಹದಿನಾರಕ್ಕೆ, ಅದಕ್ಕೂ ಮುಂದಕ್ಕೆ ಎಳೆಯುತ್ತದೆ. ದಣಿದ ನರ್ಸ್ ಔಷಧಿಯ ಪ್ರಮಾಣದಲ್ಲಿ ತಪ್ಪು ಮಾಡುವ ಸಂಭವ ಹೆಚ್ಚು ಎಂಬುದು ಆಸ್ಪತ್ರೆಗಳಿಗೆಲ್ಲ ಗೊತ್ತಿರುವ ಸಂಗತಿ. ಸಿಬ್ಬಂದಿಯನ್ನು ಒಳಗೇ ಮಲಗಿಸುವ ಏರ್ಪಾಡು ಅವರ ಮೇಲಿನ ಕರುಣೆಯಿಂದಷ್ಟೇ ಬಂದದ್ದಲ್ಲ, ರೋಗಿಯ ಸುರಕ್ಷತೆಗೂ ಅದು ಬೇಕು.

'ವಾಹನ ಸಂಚಾರ ನಿಷೇಧ ಬಂತೆಂದರೆ ಯಾರೂ ಕೆಲಸಕ್ಕೆ ಹೋಗಬೇಕಿಲ್ಲ' ಎಂಬುದು ಇನ್ನೊಂದು ನಂಬಿಕೆ. 2013ರ ಫೆಬ್ರವರಿ 8ರಂದು ಮಸಾಚುಸೆಟ್ಸ್‌ನ ಆಗಿನ ರಾಜ್ಯಪಾಲ ಡೆವಾಲ್ ಪ್ಯಾಟ್ರಿಕ್ ಸಂಜೆ ನಾಲ್ಕರಿಂದ ರಸ್ತೆಗಿಳಿಯುವುದನ್ನೇ ನಿಷೇಧಿಸಿದರು. ಮೀರಿದವರಿಗೆ ದಂಡ, ಜೈಲು ಎರಡೂ ಆಗಬಹುದಿತ್ತು. ಆದರೆ ತುರ್ತು ಸೇವೆಯವರು, ಆರೋಗ್ಯ ಸಿಬ್ಬಂದಿ ಆ ನಿಷೇಧಕ್ಕೆ ಹೊರತಾಗಿದ್ದರು. ಕಾನೂನು ಅವರಿಗೆ ದಾರಿ ಬಿಟ್ಟಿತೇ ಹೊರತು ಹಿಮ ಬಿಡಲಿಲ್ಲ. ವಿನಾಯಿತಿ ಪತ್ರ ಟೈರಿಗೆ ಹಿಡಿತ ಕೊಡುವುದಿಲ್ಲವಲ್ಲ!

ನಿರ್ಧಾರ ತಡವಾದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಬಫಲೋ ನಗರ ಕಹಿ ಉದಾಹರಣೆ. 2022ರ ಡಿಸೆಂಬರ್ 23ರಿಂದ ಕ್ರಿಸ್‌ಮಸ್ ಮುಗಿಯುವವರೆಗೆ ಅಲ್ಲಿ ಹಿಮಬಿರುಗಾಳಿ ಬೀಸಿತು. ವಿಮಾನನಿಲ್ದಾಣದಲ್ಲಿ ನಾಲ್ಕು ಅಡಿಗೂ ಹೆಚ್ಚು ಹಿಮ ಬಿತ್ತು, 40ಕ್ಕೂ ಹೆಚ್ಚು ಜನ ಸತ್ತರು. ಬಿರುಗಾಳಿಯ ಮುನ್ಸೂಚನೆ ದಿನಗಳ ಮೊದಲೇ ಇತ್ತು. ಆದರೆ ಸಂಚಾರ ನಿಷೇಧ ಜಾರಿಯಾದದ್ದು 23ರ ಬೆಳಗ್ಗೆ ಒಂಬತ್ತೂವರೆಗೆ, ಅಂದರೆ ಬೆಳಗಿನ ಪಾಳಿಯವರು ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ಹೋದವರು ಮರಳಬೇಕಲ್ಲ? ಕೆಲವರು ಮನೆಯ ದಾರಿಯಲ್ಲಿ ಕಾರಿನಲ್ಲೇ ಸಿಕ್ಕಿಹಾಕಿಕೊಂಡು ಪ್ರಾಣಬಿಟ್ಟರು. ಅವರನ್ನು ಉಳಿಸಲು ಹೊರಟ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳೂ ಹಿಮದಲ್ಲಿ ಹೂತುಕೊಂಡವು. 'ನಾಳೆ ಬೆಳಗ್ಗೆ ನೋಡೋಣ' ಎನ್ನುವ ನಿರ್ಧಾರ ಎಚ್ಚರಿಕೆಯದ್ದೆಂದು ತೋರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದೇ ಹೆಚ್ಚು ಅಪಾಯದ್ದು, ಏಕೆಂದರೆ ಅತಿ ಬೇಗ ಮನೆ ಬಿಡಬೇಕಾದವರು ಅಷ್ಟರಲ್ಲಿ ದಾರಿಯಲ್ಲಿರುತ್ತಾರೆ.

ಇದೆಲ್ಲದರ ಹಿಂದೆ ಸಂಬಳದ ಲೆಕ್ಕವೂ ಇದೆ, ಅದರ ಬಗ್ಗೆ ಕಡಿಮೆ ಮಾತಾಡುತ್ತೇವೆ. ಅಮೆರಿಕದ ಕೇಂದ್ರ ಕಾರ್ಮಿಕ ಕಾನೂನು ನೌಕರರನ್ನು ಸ್ಥೂಲವಾಗಿ ಎರಡು ಗುಂಪು ಮಾಡುತ್ತದೆ: ನಿಗದಿತ ಸಂಬಳದವರು ಮತ್ತು ಗಂಟೆ ಲೆಕ್ಕದವರು. ಖಾಸಗಿ ಸಂಸ್ಥೆಯೊಂದು ಹಿಮದ ಕಾರಣಕ್ಕೆ ಒಂದೆರಡು ದಿನ ಮುಚ್ಚಿದರೆ ನಿಗದಿತ ಸಂಬಳದ ಮ್ಯಾನೇಜರ್‌ಗೆ ಸಾಮಾನ್ಯವಾಗಿ ಪೂರ್ತಿ ಸಂಬಳ ಕೊಡಬೇಕು. ಬೇಕಿದ್ದರೆ ಅವರ ಖಾತೆಯಲ್ಲಿರುವ ರಜೆಯನ್ನು ಕಳೆಯಬಹುದು. ಸಂಸ್ಥೆ ತೆರೆದೇ ಇದ್ದು ಅವರೇ ಬರದಿದ್ದರೆ ಆ ಇಡೀ ದಿನದ ಸಂಬಳ ಕಡಿತಕ್ಕೆ ಅವಕಾಶವಿದೆ. ಗಂಟೆ ಲೆಕ್ಕದವರಿಗೆ? ದುಡಿದ ಗಂಟೆಗಷ್ಟೇ ಕೂಲಿ. ಸಂಸ್ಥೆಯೇ ಬಾಗಿಲು ಹಾಕಿದರೂ ಆ ದಿನದ ಹಣ ಕೊಡಲೇಬೇಕೆಂದು ಕೇಂದ್ರ ಕಾನೂನು ಹೇಳುವುದಿಲ್ಲ. ಕೆಲಸಕ್ಕೆ ಬಂದವರನ್ನು ವಾಪಸ್ ಕಳಿಸಿದರೆ ಕೆಲವು ಗಂಟೆಗಳ ಕೂಲಿ ಕೊಡಬೇಕೆಂಬ ನಿಯಮ ಕೆಲವು ರಾಜ್ಯಗಳಲ್ಲಿದೆ. ಎಷ್ಟೋ ಸಂಸ್ಥೆಗಳು ಕಾನೂನು ಕೇಳದಿದ್ದರೂ ಹಣ ಕೊಡುತ್ತವೆ. ಆದರೆ ಕೊಡುವುದೂ ಬಿಡುವುದೂ ಅವುಗಳ ಮರ್ಜಿ.

ಈಗ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಅಡುಗೆಯವರು, ಕಸ ಗುಡಿಸುವವರು, ರೋಗಿಗಳನ್ನು ಗಾಲಿಮಂಚದಲ್ಲಿ ತಳ್ಳುವವರು ಎಲ್ಲರೂ 'ಅಗತ್ಯ ಸಿಬ್ಬಂದಿ', ಹೆಚ್ಚಿನವರು ಗಂಟೆ ಲೆಕ್ಕದವರು. ಆಸ್ಪತ್ರೆಯ ಹತ್ತಿರ ಮನೆ ಮಾಡುವಷ್ಟು ಬಾಡಿಗೆ ಕೊಡಲಾಗದೆ ದೂರದಲ್ಲಿರುವವರು ಇವರಲ್ಲಿ ಅನೇಕ. ಮನೆಯಿಂದಲೇ ಕೆಲಸ ಮಾಡಿ ಎಂಬ ಸೌಲಭ್ಯ ಇವರ ಕೆಲಸಕ್ಕೆ ಒಗ್ಗುವುದೂ ಇಲ್ಲ. 2010ರ ಫೆಬ್ರವರಿಯ ಭಾರೀ ಹಿಮಪಾತಕ್ಕೆ ವಾಷಿಂಗ್ಟನ್‌ನ ಕೇಂದ್ರ ಸರಕಾರಿ ಕಚೇರಿಗಳು ದಿನಗಟ್ಟಲೆ ಮುಚ್ಚಿದ್ದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೂರದಿಂದಲೇ ಕೆಲಸ ಮಾಡುವುದನ್ನು ಉತ್ತೇಜಿಸುವ ಕಾನೂನು ಬಂತು. ಮೇಜಿನ ಕೆಲಸದವರ ಹಿಮ ರಜೆಯ ಸಮಸ್ಯೆ ಅಲ್ಲಿಂದ ಬಹುಮಟ್ಟಿಗೆ ಹಗುರವಾಯಿತು. ಉಳಿದವರದ್ದು ಹಾಗೇ ಇದೆ.

ತರಗತಿ ರದ್ದಾದರೆ ಪಾಠ ಹಾಳಾಗುವುದಿಲ್ಲವೇ ಎಂಬ ಆತಂಕವೂ ಸಹಜ. ಜೋಶುವಾ ಗುಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಮಸಾಚುಸೆಟ್ಸ್‌ನ ಶಾಲೆಗಳ ಅಂಕಿಅಂಶ ಇಟ್ಟುಕೊಂಡು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಮಕ್ಕೆ ಶಾಲೆ ಪೂರ್ತಿ ಮುಚ್ಚಿದ ದಿನಗಳಿಂದ ಮಕ್ಕಳ ಪರೀಕ್ಷಾ ಅಂಕಗಳಿಗೆ ಪೆಟ್ಟು ಬೀಳಲಿಲ್ಲ; ಶಾಲೆ ತೆರೆದಿದ್ದು ಮಕ್ಕಳು ಬರಲಾಗದ ದಿನಗಳಿಂದ ಬಿತ್ತು. ಎಲ್ಲರಿಗೂ ರಜೆಯಾದರೆ ಶಿಕ್ಷಕರು ಮರುದಿನ ಅಲ್ಲಿಂದಲೇ ಮುಂದುವರಿಸುತ್ತಾರೆ. ಅರ್ಧ ತರಗತಿ ಬಂದು ಅರ್ಧ ಬಾರದಿದ್ದರೆ ಯಾರಿಗೆ ಏನು ಹೇಳಿಕೊಡುವುದು? ಇದು ಶಾಲೆಗಳ ಅಧ್ಯಯನವಾದರೂ ಕಾಲೇಜುಗಳು ಯೋಚಿಸಬೇಕಾದ ವಿಷಯ.

ಹಿಮವೇ ಬೀಳದ ದಿನವೂ ಬರೀ ಚಳಿಗೆ ತರಗತಿ ನಿಲ್ಲಿಸುವುದೇಕೆ ಎಂದು ಇಲ್ಲಿಂದ ಹೋದ ಹೊಸಬರು ಕೇಳುವುದುಂಟು. ಇದಕ್ಕೆ ಉತ್ತರ 'ವಿಂಡ್ ಚಿಲ್' ಎಂಬ ಲೆಕ್ಕದಲ್ಲಿದೆ. ನಮ್ಮ ಚರ್ಮದ ಸುತ್ತ ದೇಹದ ಶಾಖದಿಂದ ಬೆಚ್ಚಗಾದ ಗಾಳಿಯ ತೆಳು ಪದರ ಇರುತ್ತದೆ. ಗಾಳಿ ಬೀಸಿದಾಗ ಅದು ಹಾರಿಹೋಗಿ ಶಾಖ ಬೇಗ ಸೋರುತ್ತದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 24 ಕಿ.ಮೀ. ವೇಗದ ಗಾಳಿಯಿದ್ದರೆ ಚರ್ಮಕ್ಕೆ ಅದು ಮೈನಸ್ 28ರಂತೆ. ಅಷ್ಟರಲ್ಲಿ ಮುಚ್ಚದ ಮೂಗು, ಕಿವಿ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಬಸ್ಸಿಗೆ ಕಾಯುವುದಕ್ಕೆ ಅಷ್ಟು ಹೊತ್ತು ಸಾಕಲ್ಲವೇ? ರಸ್ತೆಗೆ ಎರಚುವ ಉಪ್ಪೂ ಇಂಥ ಚಳಿಯಲ್ಲಿ ಕೈಕೊಡುತ್ತದೆ: ಸಾಮಾನ್ಯ ಉಪ್ಪು ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಮಂಜುಗಡ್ಡೆಯನ್ನು ಕರಗಿಸುವುದು ತೀರಾ ನಿಧಾನ.

ಹಿಮ ನಿಂತ ಮರುದಿನ ಆಸ್ಪತ್ರೆಗೆ ಕೆಲಸ ಹೆಚ್ಚೇ ಇರುತ್ತದೆ. ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡವರು ಒಂದು ಕಡೆಯಾದರೆ, ಸಲಿಕೆ ಹಿಡಿದು ಅಂಗಳದ ಹಿಮ ತೆಗೆಯಲು ಹೋಗಿ ಎದೆ ಹಿಡಿದುಕೊಂಡವರು ಇನ್ನೊಂದು ಕಡೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ 1981ರಿಂದ 2014ರವರೆಗಿನ ದಾಖಲೆಗಳ ಅಧ್ಯಯನದಲ್ಲಿ, 20 ಸೆಂ.ಮೀ. ಹಿಮ ಬಿದ್ದ ಮರುದಿನ ಹೃದಯಾಘಾತದಿಂದ ಗಂಡಸರು ಸಾಯುವ ಸಂಭವ ಸುಮಾರು ಮೂರನೆಯ ಒಂದು ಭಾಗ ಹೆಚ್ಚಾಗಿತ್ತು. ಎಲ್ಲರೂ ಮನೆಯಲ್ಲಿರಿ ಎಂದು ಹೇಳಿದ ದಿನವೇ ಆಸ್ಪತ್ರೆಗೆ ಪೂರ್ತಿ ಸಿಬ್ಬಂದಿ ಬೇಕಾಗುವುದು ಹೀಗೆ.

ಅಲ್ಲಿಗೆ ಕೆಲಸಕ್ಕೋ ಓದಿಗೋ ಹೊಸದಾಗಿ ಹೋಗುವವರು ಚಳಿಗಾಲಕ್ಕೆ ಮೊದಲೇ ಮೂರು ವಿಷಯ ಕೇಳಿ ತಿಳಿದಿರುವುದು ಒಳ್ಳೆಯದು: ನನ್ನ ಹೆಸರು ಅಗತ್ಯ ಸಿಬ್ಬಂದಿಯ ಪಟ್ಟಿಯಲ್ಲಿದೆಯೇ, ಮುಚ್ಚಿದ ದಿನದ ಸಂಬಳ ಏನಾಗುತ್ತದೆ, ಆಸ್ಪತ್ರೆಯಲ್ಲಿ ಉಳಿದುಕೊಂಡರೆ ಮಲಗಿದ ಹೊತ್ತು ಲೆಕ್ಕಕ್ಕೆ ಬರುತ್ತದೆಯೇ. ಕಾರಿನಲ್ಲಿ ಕಂಬಳಿ, ಟಾರ್ಚು, ನೀರು, ಸಲಿಕೆ ಇರಲಿ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಬೆಚ್ಚಗಾಗಲು ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಕು, ಕಿಟಕಿ ಸ್ವಲ್ಪ ತೆರೆದಿರಲಿ. ಅದಕ್ಕೂ ಮೊದಲು ಇಳಿದು ಹೊಗೆಕೊಳವೆಯ ಬಾಯಿಗೆ ಕಟ್ಟಿದ ಹಿಮವನ್ನು ತೆಗೆದುಬಿಡಬೇಕು, ಇಲ್ಲದಿದ್ದರೆ ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೇ ತುಂಬಿಕೊಳ್ಳುತ್ತದೆ.