ದೂರು ವಡಾಪಾವ್ ಮೇಲೆ, ದೋಷ ಭರಣಿಯಲ್ಲಿ

2015ರ ಮಳೆಗಾಲದ ಒಂದು ಬೆಳಗ್ಗೆ ಡೊಂಬಿವಿಲಿಯ ನಮ್ಮ ಮನೆಯಲ್ಲಿ ಚಹಾದ ಲೋಟ ಎತ್ತಲು ಹೋದೆ. ಎಡಗೈ ಏಳಲಿಲ್ಲ. ಹೆಂಡತಿಯನ್ನು ಕರೆದೆ, ಬಾಯಿಂದ ಬಂದದ್ದು ಮಾತಲ್ಲ, ಬರೇ ಸ್ವರ. ನನಗಾಗ 57 ವರ್ಷ. ಬೇಗ ಆಸ್ಪತ್ರೆ ಮುಟ್ಟಿಸಿದ್ದರಿಂದ ಮಾತು ಮರಳಿತು, ನಡಿಗೆಯೂ ಮರಳಿತು. ಎಡಗೈಯ ಎರಡು ಬೆರಳು ಮಾತ್ರ ಇವತ್ತಿಗೂ ನನ್ನ ಮಾತು ಕೇಳುವುದಿಲ್ಲ.

ಊರಿಂದ ಫೋನಿನ ಮೇಲೆ ಫೋನು. ಎಲ್ಲರದ್ದೂ ಒಂದೇ ತೀರ್ಪು. "ಅದು ಆ ಮುಂಬೈ ಊಟ ಮಾರಾಯ. ವಡಾಪಾವ್, ಎಣ್ಣೆ, ಹೋಟೆಲು. ಊರಲ್ಲಿದ್ದಿದ್ದರೆ ಹೀಗಾಗ್ತಿತ್ತಾ?" ಎರಡು ವಾರದಲ್ಲಿ ತಮ್ಮ ಕುಂದಾಪುರದಿಂದ ಮತ್ಸ್ಯಗಂಧ ರೈಲಿನಲ್ಲಿ ಬರುವವರ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಳಿಸಿದ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಜೊತೆಗೊಂದು ಚೀಟಿ: "ಹೊರಗಿನದ್ದು ತಿನ್ನಬೇಡ, ಮನೆಯದ್ದೇ ತಿನ್ನು."

ಆ ಚೀಟಿಗೆ ಆಗ ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ತಮ್ಮನಿಗೆ ಮಾತ್ರವಲ್ಲ, ಪರವೂರಿನ ನಮ್ಮ ಮೇಲೆ ಕನಿಕರ ಪಡುವ ಊರಿನ ನಿಮಗೆಲ್ಲ.

ನಾನು ಡಾಕ್ಟರಲ್ಲ. ಎಂ.ಕಾಂ. ಓದಿ 37 ವರ್ಷ ಬ್ಯಾಂಕಿನಲ್ಲಿ ದುಡಿದವನು. ನನಗೆ ಗೊತ್ತಿರುವುದು ಲೆಕ್ಕ ಮಾತ್ರ. ಆಸ್ಪತ್ರೆಗೆ ಹೋದ ದಿನ ನನ್ನ ರಕ್ತದೊತ್ತಡ 190ರ ಮೇಲೆ 110 ಇತ್ತು. ಅದು ಎಷ್ಟು ವರ್ಷದಿಂದ ಹಾಗಿತ್ತೋ, ನಾನು ನೋಡಿಸಿಕೊಂಡವನೇ ಅಲ್ಲ. ಅಲ್ಲಿನ ಮರಾಠಿ ಡಾಕ್ಟರು ಮೊದಲು ಕೇಳಿದ್ದು ವಡಾಪಾವನ್ನಲ್ಲ. "ಲೋಣ್ಚೆ, ಪಾಪಡ್ ದಿನಾ ತಿಂತೀರಾ?" ಅಂತ.

ಮನೆಗೆ ಬಂದ ಮೇಲೆ ಒಂದು ಕೆಲಸ ಮಾಡಿದೆ. ಹೊಸ ಉಪ್ಪಿನ ಪ್ಯಾಕೆಟ್ಟಿನ ಮೇಲೆ ಪೆನ್ನಿನಿಂದ ತಾರೀಕು ಬರೆದೆ. ಒಂದು ಕಿಲೋ ಉಪ್ಪು, ಮನೆಯಲ್ಲಿ ನಾವಿಬ್ಬರೇ. 48 ದಿನಕ್ಕೆ ಮುಗಿಯಿತು. ತಲೆಗೆ ದಿನಕ್ಕೆ ಸುಮಾರು ಹತ್ತೂವರೆ ಗ್ರಾಂ. ಅತಿಥಿಗಳು ಬಂದದ್ದು, ತೊಳೆದು ಹೋದದ್ದು ಅಂತ ಒಂದೂವರೆ ಗ್ರಾಂ ವಜಾ ಮಾಡಿ, ಒಂಬತ್ತು ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚ. ಊರಿಂದ ಬಂದ ಭರಣಿಯ ಉಪ್ಪು ನನ್ನ ಈ ಲೆಕ್ಕಕ್ಕೆ ಸೇರಿಯೇ ಇರಲಿಲ್ಲ!

ಉಪ್ಪು ಹೆಚ್ಚಾದಾಗ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ರಕ್ತನಾಳದೊಳಗಿನ ಒತ್ತಡ ಏರುತ್ತದೆ. ನೋವಿಲ್ಲ, ಜ್ವರವಿಲ್ಲ, ಹತ್ತಿಪ್ಪತ್ತು ವರ್ಷ ಸುದ್ದಿಯೇ ಇಲ್ಲ. ಅಷ್ಟರಲ್ಲಿ ನಾಳದ ಗೋಡೆ ಗಡುಸಾಗುತ್ತದೆ, ಹೃದಯದ ಸ್ನಾಯು ದಪ್ಪವಾಗುತ್ತದೆ. ಒಂದು ದಿನ ಮೆದುಳಿನ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಪಾರ್ಶ್ವವಾಯುವಿನ ಕಾರಣಗಳಲ್ಲಿ ಮೊದಲನೆಯದು ರಕ್ತದೊತ್ತಡ. ಸೊಪ್ಪು, ತರಕಾರಿ, ಹಣ್ಣು, ಬೇಳೆಕಾಳುಗಳಲ್ಲಿರುವ ಪೊಟ್ಯಾಷಿಯಂ ಆ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ನೆರವಾಗುತ್ತದೆ. ನಮ್ಮ ಊಟದಲ್ಲಿ ಅನ್ನ ಗುಡ್ಡದಷ್ಟು, ಪಲ್ಯ ಎಲೆಯ ಮೂಲೆಯಲ್ಲಿ ಚಿಟಿಕೆಯಷ್ಟು. ಎಲೆಗೆ ಮೊದಲು ಬೀಳುವುದೇ ಉಪ್ಪು, ಆಮೇಲೆ ಉಪ್ಪಿನಕಾಯಿ. ಡೊಂಬಿವಿಲಿಯ ನಮ್ಮ ಪೂಜೆಗಳಲ್ಲೂ ಇದೇ ಕ್ರಮ. ಭಾಷೆ ಮರೆತ ಮಕ್ಕಳು ಕೂಡ ಈ ಕ್ರಮ ಮರೆತಿಲ್ಲ.

ಇಷ್ಟು ಹೇಳಿದರೆ ಊರಿನವರ ಬಳಿ ಮೂರು ಉತ್ತರ ತಯಾರಿರುತ್ತದೆ.

ಒಂದು, "ಅಜ್ಜನ ಕಾಲದಿಂದ ತಿಂದಿದ್ದೇವೆ, ಏನಾಗಿದೆ?" ಏನಾಗಿದೆಯಾ? ನನ್ನ ಅಜ್ಜ ನಾಲ್ಕು ವರ್ಷ ಒಂದು ಪಕ್ಕ ಬಿದ್ದುಹೋಗಿ ಚಾವಡಿಯ ಮೂಲೆಯಲ್ಲಿ ಮಲಗಿದ್ದರು. ನಾವು ಅದನ್ನು ವಾತ ಎಂದೆವು, ದೃಷ್ಟಿ ಎಂದೆವು. ಊರಲ್ಲಿ ರಕ್ತದೊತ್ತಡ ಅಳೆಯುವ ಯಂತ್ರವೇ ಇರಲಿಲ್ಲ. ಯಂತ್ರ ಇರಲಿಲ್ಲವೆಂದರೆ ಕಾಯಿಲೆ ಇರಲಿಲ್ಲ ಎಂದಲ್ಲ. ಮಳೆಗಾಲಕ್ಕೆ ತರಕಾರಿ ಸಿಗದ ಕಾಲದಲ್ಲಿ ಉಪ್ಪಿನಲ್ಲಿಟ್ಟದ್ದು ಅವರಿಗೆ ಅನಿವಾರ್ಯ. ಫ್ರಿಜ್ಜು, ಸಂತೆ ಎರಡೂ ಇರುವ ನಮಗೆ ಯಾವ ಅನಿವಾರ್ಯ?

ಎರಡು, "ನಮ್ಮದು ಸಾತ್ವಿಕ ಊಟ, ಕೊಲೆಸ್ಟರಾಲ್ ಇಲ್ಲ." ತುಪ್ಪ ಒಳ್ಳೆಯದೋ ಕೆಟ್ಟದ್ದೋ ಎಂದು ಗಂಟೆಗಟ್ಟಲೆ ಜಗಳವಾಡುವ ನಾವು ಉಪ್ಪಿನ ಸುದ್ದಿ ಎತ್ತುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೃದಯಾಘಾತದ ಮುಖ್ಯ ಕಾರಣಗಳ ಪಟ್ಟಿಯಲ್ಲಿ ಹೊಗೆಸೊಪ್ಪು, ಕೊಬ್ಬು, ಸಕ್ಕರೆ ಕಾಯಿಲೆಯ ಜೊತೆ ರಕ್ತದೊತ್ತಡವೂ ಇತ್ತು, ದಿನಾ ಹಣ್ಣು ತರಕಾರಿ ತಿನ್ನದಿರುವುದೂ ಇತ್ತು. ಅದೇ ಅಧ್ಯಯನದಿಂದ 2007ರಲ್ಲಿ ತಿಳಿದದ್ದು: ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೆ, ಬೇರೆಯವರಿಗೆ ಸುಮಾರು 59ಕ್ಕೆ.

ಮೂರು, "ನಾವು ಸೈಂಧವ ಲವಣ ಬಳಸ್ತೇವೆ." ಬಳಸಿ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣ ಗುಲಾಬಿ, ಬೆಲೆ ಜಾಸ್ತಿ, ಅಯೋಡಿನ್ ಸೇರಿಸದಿದ್ದರೆ ಅದೂ ನಷ್ಟ.

ವಡಾಪಾವಿಗೆ ನಾನು ನಿರ್ದೋಷಿ ಪತ್ರ ಕೊಡುತ್ತಿಲ್ಲ. ಪಾವಿನಲ್ಲೂ ಉಪ್ಪಿದೆ, ಕರಿದ ಎಣ್ಣೆಯ ಪಾಪವೂ ಇದೆ. ಆದರೆ ಅದನ್ನು ನಾನು ವಾರಕ್ಕೊಮ್ಮೆ, ಲೋಕಲ್ ತಪ್ಪಿದ ದಿನ ತಿನ್ನುತ್ತಿದ್ದೆ. ಮಿಡಿ ಉಪ್ಪಿನಕಾಯಿ ದಿನಕ್ಕೆ ಎರಡು ಸಲ, 30 ವರ್ಷ.

ಈಗ ಆ ತಮ್ಮನ ವಿಷಯ. ಅವನು ಕುಂದಾಪುರ ಬಿಟ್ಟು ಹೋದವನಲ್ಲ. ವಡಾಪಾವ್ ತಿಂದವನಲ್ಲ, ಹೋಟೆಲಿಗೆ ಕಾಲಿಟ್ಟವನಲ್ಲ. ಗದ್ದೆ, ತೋಟ, ಶುದ್ಧ ಗಾಳಿ, ಮನೆ ಊಟ. 2023ರ ಡಿಸೆಂಬರಿನಲ್ಲಿ ಅವನಿಗೂ ಬಡಿಯಿತು. ಬಲಭಾಗ ಹೋಯಿತು, ಮಾತೂ ಹೋಯಿತು. ನನಗಿಂತ ನಾಲ್ಕು ವರ್ಷ ಚಿಕ್ಕವನು. ನಾನು ನೋಡಲು ಹೋದಾಗ ನಾದಿನಿ ಅವನಿಗೆ ಗಂಜಿ ಉಣಿಸುತ್ತಿದ್ದಳು, ಬಟ್ಟಲಲ್ಲಿ ಅದೇ ಮಿಡಿ. "ಬಾಯಿಗೆ ರುಚಿಯಾದ್ರೂ ಬೇಕಲ್ಲ ಭಾವ" ಎಂದಳು. ನಾನು ಸುಮ್ಮನೆ ಎದ್ದು ಹೊರಗೆ ಹೋದೆ. ಸಿಟ್ಟು ಅವಳ ಮೇಲಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಅವಳಿಗೆ ಕೊಟ್ಟದ್ದು ಮಾತ್ರೆಯ ಚೀಟಿ ಮಾತ್ರ. ಭರಣಿಯ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಎಂಟು ವರ್ಷ ಮೊದಲು ಚೀಟಿಗೆ ಉತ್ತರ ಬರೆಯದ ನಾನೂ ಹೇಳಿರಲಿಲ್ಲ.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಅಂತ ಗಾದೆ. ಪರವೂರಿನಲ್ಲಿರುವ ನಮಗೆ ಈ ಎರಡೂ ಒಂದೇ ಆಗಿಬಿಟ್ಟಿದೆ. ಭರಣಿ ಬೇಡ ಅಂದರೆ ತಾಯಿಯನ್ನೇ ಬೇಡ ಅಂದ ಹಾಗೆ ನೀವು ಮುಖ ಸಣ್ಣ ಮಾಡುತ್ತೀರಿ. ನಾನು ಕೇಳುವುದು ಸಪ್ಪೆ ಊಟವಲ್ಲ. ಹುಳಿ ಇದೆ, ಮೆಣಸಿದೆ, ಶುಂಠಿ, ಬೆಳ್ಳುಳ್ಳಿ, ಇಂಗು, ಕರಿಬೇವು ಇದೆ. ನಾಲಿಗೆ ಕೆಲವು ವಾರಗಳಲ್ಲಿ ಕಡಿಮೆ ಉಪ್ಪಿಗೆ ಒಗ್ಗುತ್ತದೆ, ನನ್ನದು ಒಗ್ಗಿತು. ಚೀನಾದ 600 ಹಳ್ಳಿಗಳಲ್ಲಿ ಉಪ್ಪಿನ ಕಾಲು ಭಾಗವನ್ನು ಪೊಟ್ಯಾಷಿಯಂ ಕ್ಲೋರೈಡಿಗೆ ಬದಲಿಸಿ ನೋಡಿದರು, ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ವರದಿಯಾಯಿತು. ಅಂಥ ಉಪ್ಪು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ. ಮಾತ್ರೆ ತಿನ್ನುವವರು ಮಾತ್ರ ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ಇನ್ನು ಮುಂದೆ ಪೆಟ್ಟಿಗೆ ಕಳಿಸುವುದಾದರೆ ಕುಚ್ಚಲಕ್ಕಿ ಕಳಿಸಿ, ಹುರುಳಿ ಕಳಿಸಿ, ಉಪ್ಪು ಹಾಕದೆ ಒಣಗಿಸಿದ ಪುನರ್ಪುಳಿ ಕಳಿಸಿ. ಅದರಲ್ಲೂ ಊರಿನ ವಾಸನೆ ಇರುತ್ತದೆ. ನಾಳೆ ನಿಮ್ಮ ಮನೆಯಲ್ಲಿ ಹೊಸ ಉಪ್ಪಿನ ಪ್ಯಾಕೆಟ್ಟು ಒಡೆಯುವಾಗ ಅದರ ಮೇಲೆ ತಾರೀಕು ಬರೆಯಿರಿ. ನಾಲ್ಕು ಜನರ ಮನೆಗೆ ಒಂದು ಕಿಲೋ 50 ದಿನಕ್ಕಿಂತ ಹೆಚ್ಚು ಬರಬೇಕು. ಬಾರದಿದ್ದರೆ, ಮುಂಬೈಯ ಊಟವನ್ನು ಬೈಯುವ ಮೊದಲು ಒಮ್ಮೆ ಬಿ.ಪಿ. ನೋಡಿಸಿಕೊಂಡು ಬನ್ನಿ.