ಜೋಗ ನೋಡಿ ಬಂದವರ ಭೂಗೋಳ

ನಮ್ಮ ಭೂಗೋಳ ವಿಭಾಗಗಳಲ್ಲಿ ‘ಕ್ಷೇತ್ರ ಅಧ್ಯಯನ’ ಎಂಬ ಹೆಸರಿನಲ್ಲಿ ನಡೆಯುವುದು ಹೆಚ್ಚಾಗಿ ಬಸ್ ಪ್ರವಾಸ. ಪಠ್ಯಕ್ರಮದಲ್ಲಿ ಅದಕ್ಕೆ ಅಂಕಗಳಿವೆ, ವರದಿಯಿದೆ, ಮೌಖಿಕ ಪರೀಕ್ಷೆಯಿದೆ. ಬಸ್ಸು ಮಾತ್ರ ರಾತ್ರಿ ಹೊರಟು ಬೆಳಿಗ್ಗೆ ಜೋಗ, ಸಂಜೆಗೆ ಮುರುಡೇಶ್ವರ, ಮರುದಿನ ಗೋಕರ್ಣ ಮುಗಿಸಿ ವಾಪಸಾಗುತ್ತದೆ. ವರದಿಯ ಮೊದಲ ಪುಟಗಳು ಇಂಟರ್ನೆಟ್ಟಿನವು, ಕೊನೆಯವು ಗುಂಪು ಫೋಟೋಗಳು. ಎಂ.ಎ. ಓದುವಾಗ ನಾನೂ ಹೀಗೆ ಹೋಗಿ ಬಂದವನು. ಈಗ ಸಂಶೋಧನಾ ವಿದ್ಯಾರ್ಥಿಯಾಗಿ ಹಾಜರಿ ಪಟ್ಟಿ ಹಿಡಿದು ಕಿರಿಯರ ಜೊತೆ ಹೋಗಿ ಬರುತ್ತೇನೆ.

ಮೋಜಿನ ಬಗ್ಗೆ ನನ್ನ ತಕರಾರಿಲ್ಲ. ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿದರೆ ಭೂಗೋಳಕ್ಕೇನೂ ನಷ್ಟವಿಲ್ಲ. ಮೂರು ದಿನದಲ್ಲಿ ಆರು ಸ್ಥಳ ನೋಡುವುದನ್ನು ಪಾಠ ಎಂದು ಕರೆದು ಅಂಕ ಕೊಡುತ್ತೇವಲ್ಲ, ತಕರಾರು ಅದರ ಬಗ್ಗೆ. ಬೇಕಿರುವುದು ಬೇಸಿಗೆಯಲ್ಲಿ ಹತ್ತು ದಿನ ಒಂದೇ ಕಡೆ ಟೆಂಟ್ ಹಾಕಿ, ನಡೆದು, ಒಂದೇ ಕಣಿವೆಯನ್ನು ಓದುವ ಶಿಬಿರ. ಅದರ ಖರ್ಚು ಪೂರ್ತಿ ವಿಶ್ವವಿದ್ಯಾಲಯದ್ದೇ ಆಗಿರಬೇಕು.

ಜೋಗದ ಬಸ್ಸು ಹೋಗುವ ಸಾಗರದ ದಾರಿಯನ್ನೇ ತೆಗೆದುಕೊಳ್ಳಿ. ಜಲಪಾತದ ಮೇಲೆ ಲಿಂಗನಮಕ್ಕಿ ಅಣೆಕಟ್ಟಿದೆ, 1964ರದ್ದು. ಅದರ ಹಿನ್ನೀರಿನ ಹರವು ಸುಮಾರು 300 ಚದರ ಕಿಲೋಮೀಟರ್. ಸರ್ವೆ ಆಫ್ ಇಂಡಿಯಾದ ನಕ್ಷೆಯಲ್ಲಿ ಇಷ್ಟೂ ನೀಲಿ ಬಣ್ಣ. ಬೇಸಿಗೆಯ ಕೊನೆಗೆ ಹೋಗಿ ನೋಡಿದರೆ ಆ ನೀಲಿಯಲ್ಲಿ ಬಹುಪಾಲು ಒಣ ನೆಲ. ಒಣಗಿ ಕಪ್ಪಾದ ಮರದ ಬುಡಗಳು ಏಳುತ್ತವೆ. ಎತ್ತಿಗೂ ಗಾಡಿಗೂ ಗೊತ್ತಿದ್ದ ಹಳೆಯ ರಸ್ತೆಗಳು ತೋರುತ್ತವೆ. ನೀರು ಸಾಕಷ್ಟು ಇಳಿದ ವರ್ಷ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ತನ್ನ ಸೈಫನ್‌ಗಳ ಸಮೇತ ಮೇಲೇಳುತ್ತದೆ. 1948ರಲ್ಲಿ ಜೋಗದಲ್ಲಿ ಶುರುವಾದ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ್ದ ಅದನ್ನು ಹದಿನಾರೇ ವರ್ಷಕ್ಕೆ ಇನ್ನೊಂದು ಅಣೆಕಟ್ಟು ಮುಳುಗಿಸಿತು. ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು! ಸಂಪನ್ಮೂಲ ಭೂಗೋಳ ಎಂಬ ಪತ್ರಿಕೆಯ ಅರ್ಧ ಪಾಠ ಇಲ್ಲೇ ಮುಗಿಯುತ್ತದೆ. ನಮ್ಮ ಬಸ್ಸು ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಇಲ್ಲಿ ‘ನೋಡುವಂಥದ್ದು’ ಏನೂ ಇಲ್ಲ.

ಇಲ್ಲಿಗೆ ಭೂಗೋಳಕ್ಕಿಂತ ಮೊದಲು ಸಾಹಿತ್ಯ ಬಂತು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದ ನಾ. ಡಿಸೋಜ ಮುಳುಗಡೆಯ ಬದುಕನ್ನು ಕಾದಂಬರಿಗೆ ತಂದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ನೀರು ಏರುವುದನ್ನು ಮನೆಯ ಮೆಟ್ಟಿಲಿನಿಂದ ಅಳೆಯಬಹುದು ಎಂದು ನಾನು ಕಲಿತದ್ದು ಅಲ್ಲಿಂದ, ತರಗತಿಯಿಂದಲ್ಲ.

‘ಉಪಗ್ರಹ ಚಿತ್ರವಿದೆ, ಜಿಐಎಸ್ ಇದೆ, ಬಿಸಿಲಲ್ಲಿ ಯಾಕೆ ಅಲೆಯಬೇಕು?’ ಎನ್ನುವವರು ಈಗ ವಿಭಾಗಗಳಲ್ಲಿ ಬಹುಮತದಲ್ಲಿದ್ದಾರೆ. ನನ್ನ ಪ್ರಬಂಧವೂ ಉಪಗ್ರಹ ಚಿತ್ರಗಳ ಮೇಲೆಯೇ ನಿಂತಿದೆ, ಅದನ್ನು ಬಯ್ಯುವ ಹಕ್ಕು ನನಗಿಲ್ಲ. ಮೇ ತಿಂಗಳ ಹಿನ್ನೀರು ಎಷ್ಟು ಕುಗ್ಗಿದೆ ಎಂಬುದನ್ನು ಉಪಗ್ರಹ ನನಗಿಂತ ಚೆನ್ನಾಗಿ ಹೇಳುತ್ತದೆ. ಮೇಲೆದ್ದ ಆ ರಸ್ತೆ ಯಾವ ಊರಿಗೆ ಹೋಗುತ್ತಿತ್ತು ಎಂದು ಹೇಳುವುದಿಲ್ಲ. ಇನ್ನೊಂದು ಉದಾಹರಣೆ ಸೊಪ್ಪಿನ ಬೆಟ್ಟ. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಗು ತರುವ ಜಾಗ ಅದು. ತೋಟಕ್ಕೂ ಅದಕ್ಕೂ ಹಕ್ಕಿನ ನಂಟಿದೆ, ತಲೆಮಾರುಗಳ ಕಾನೂನಿನ ಇತಿಹಾಸವಿದೆ. ಕೊಂಬೆ ಸವರಿದ ಮರಗಳ ಆ ಬೆಟ್ಟವನ್ನು ಕಂಪ್ಯೂಟರು ಸುಲಭವಾಗಿ ‘ಕ್ಷೀಣಿಸಿದ ಅರಣ್ಯ’ ಎಂದು ಬಣ್ಣ ಹಚ್ಚಿ ಮುಗಿಸುತ್ತದೆ. ತಪ್ಪು ಕಂಪ್ಯೂಟರಿನದಲ್ಲ. ಅದಕ್ಕೆ ಬಣ್ಣ ಕಲಿಸಿದವರು ಆ ಬೆಟ್ಟ ಹತ್ತಿರಲಿಲ್ಲ.

ಹತ್ತುವುದು ಎಂದಾಗ ಚಾರಣದ ಸಾಹಸ ನನ್ನ ತಲೆಯಲ್ಲಿಲ್ಲ. 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಸಮೋನ್ನತಿ ರೇಖೆಗಳು ಒತ್ತೊತ್ತಾಗಿ ಬಂದರೆ ಇಳಿಜಾರು ಕಡಿದು ಎಂದು ಪರೀಕ್ಷೆಗೆ ಎಲ್ಲರೂ ಬರೆಯುತ್ತಾರೆ. ಎರಡು ರೇಖೆಗಳ ನಡುವಿನ ಇಪ್ಪತ್ತು ಮೀಟರ್ ಏರನ್ನು ಬೆನ್ನಮೇಲೆ ನೀರಿನ ಕ್ಯಾನ್ ಇಟ್ಟುಕೊಂಡು ಹತ್ತಿದವರಿಗೆ, ಹಳ್ಳದ ಪಕ್ಕದ ಮನೆಯವರು ಬಾವಿಯನ್ನು ಯಾಕೆ ಅಲ್ಲೇ ತೋಡಿದರು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಅಮೆರಿಕದ ಭೂಗೋಳಜ್ಞ ಕಾರ್ಲ್ ಸಾವರ್ 1956ರಲ್ಲಿ ತಮ್ಮ ಸಂಘದ ಅಧ್ಯಕ್ಷ ಭಾಷಣದಲ್ಲಿ, ಕ್ಷೇತ್ರದಲ್ಲಿ ಎಷ್ಟು ನಿಧಾನವಾಗಿ ಚಲಿಸಿದರೆ ಅಷ್ಟು ಒಳ್ಳೆಯದು ಎಂಬರ್ಥದ ಮಾತಾಡಿದ್ದರು. ಅದನ್ನು ನಾವು ‘ಭೌಗೋಳಿಕ ಚಿಂತನೆಯ ಇತಿಹಾಸ’ದಲ್ಲಿ ಐದು ಅಂಕಕ್ಕೆ ಓದಿ, ಎಕ್ಸ್‌ಪ್ರೆಸ್ ಬಸ್ ಹತ್ತುತ್ತೇವೆ.

ನಿಧಾನವನ್ನು ಹೊಗಳುವಾಗ ಜಾಗ್ರತೆ ಬೇಕು. ಸಿಗಂದೂರಿನ ದಾರಿಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಲಾಂಚ್ ಹೋಯಿತಲ್ಲ ಎಂದು ಹಳಹಳಿಸುವ ಬರಹಗಳನ್ನು ಓದಿದ್ದೇನೆ. ರಾತ್ರಿ ಹೆರಿಗೆ ನೋವು ಬಂದಾಗ ದಡದಲ್ಲಿ ಕಾಯಬೇಕಾಗಿದ್ದವರು ಅವನ್ನು ಬರೆದಿರಲಾರರು. ತುಮರಿಯ ಕಡೆಯ ಜನ ದಶಕಗಳ ಕಾಲ ಕೇಳಿ ಪಡೆದ ಸೇತುವೆ ಅದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸ್ತ್ರೀವಾದಿಗಳದ್ದು. ಕ್ಷೇತ್ರಕಾರ್ಯವೆಂಬುದು ಗಂಡಸಿನ ಶೌರ್ಯದ ಆಟವಾಗಿ ಬೆಳೆದಿದೆ ಎಂದು ಗಿಲಿಯನ್ ರೋಸ್ 1993ರಲ್ಲೇ ಪುಸ್ತಕ ಬರೆದು ಹೇಳಿದರು. ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಈ ವಾದ ತಲೆಕೆಳಗಾಗಿ ಬಳಕೆಯಾಗುತ್ತಿದೆ: ‘ಹುಡುಗಿಯರಿದ್ದಾರೆ, ಆದ್ದರಿಂದ ಶಿಬಿರ ಬೇಡ.’ ಶೌಚಾಲಯದ ಟೆಂಟ್, ಜೊತೆಗೆ ಮಹಿಳಾ ಅಧ್ಯಾಪಕರು, ಮುಟ್ಟಿನ ದಿನ ನಡೆಯದೆ ಶಿಬಿರದಲ್ಲೇ ಮಾಡಬಹುದಾದ ಕೆಲಸ, ಮನೆಯವರಿಗೆ ಮೊದಲೇ ಒಂದು ಫೋನ್. ಬೇಕಾಗುವುದು ಇಷ್ಟು. ಇವನ್ನು ಏರ್ಪಡಿಸಲು ಸೋಮಾರಿತನ ಪಡುವವರು ಹುಡುಗಿಯರ ಸುರಕ್ಷತೆಯ ಹೆಸರು ಹೇಳುತ್ತಾರೆ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ ಇರುವಾಗ ಅವರನ್ನು ಹೊರಗಿಟ್ಟ ಭೂಗೋಳ ಯಾರಿಗೆ ಬೇಕು?

ಇನ್ನು ಹಣ. ನಾನು ಓದಿದ ವಿಭಾಗದಲ್ಲಿ ಪ್ರವಾಸದ ದುಡ್ಡು ವಿದ್ಯಾರ್ಥಿಗಳೇ ಕೊಡಬೇಕಿತ್ತು. ಕೊಡಲಾಗದವರು ‘ಸ್ಥಳೀಯ ಸಮೀಕ್ಷೆ’ ಎಂಬ ಹೆಸರಿನಲ್ಲಿ ಕ್ಯಾಂಪಸ್ಸಿನ ಸುತ್ತ ಪ್ರಶ್ನಾವಳಿ ತುಂಬಿಸಿ ವರದಿ ಕೊಡುತ್ತಿದ್ದರು. ಯಾರು ಹೋದರು, ಯಾರು ಉಳಿದರು ಎಂಬ ಪಟ್ಟಿ ನೋಡಿದರೆ ಜಾತಿ ಮತ್ತು ಜಮೀನಿನ ನಕ್ಷೆಯನ್ನು ಬೇರೆ ಬಿಡಿಸಬೇಕಾಗಿರಲಿಲ್ಲ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಯಾರೂ ‘ಆಮ್ಲ ಮನೆಯಿಂದ ತಾ’ ಎನ್ನುವುದಿಲ್ಲ. ನಮ್ಮ ಪ್ರಯೋಗಾಲಯ ಕಣಿವೆ, ಅದರ ಬಾಡಿಗೆ ಮಾತ್ರ ವಿದ್ಯಾರ್ಥಿಯ ಜೇಬಿನಿಂದ. ಬೇಸಿಗೆ ರಜೆಯೆಂದರೆ ಎಷ್ಟೋ ವಿದ್ಯಾರ್ಥಿಗಳಿಗೆ ಕೂಲಿಯ ಕಾಲ. ಕಟ್ಟಡದ ಕೆಲಸ, ಅಂಗಡಿ ಕೆಲಸ. ಹತ್ತು ದಿನದ ಶಿಬಿರ ಅವರಿಗೆ ಹತ್ತು ದಿನದ ಸಂಬಳ ಕಳೆಯುತ್ತದೆ. ಹಾಗಾಗಿ ಊಟ, ಪ್ರಯಾಣದ ಜೊತೆಗೆ ದಿನಭತ್ಯೆಯೂ ಬೇಕು. ದುಬಾರಿಯೇ? ಟೆಂಟು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ವಿಚಾರಸಂಕಿರಣದ ಫ್ಲೆಕ್ಸು ಮರುದಿನವೇ ಕಸ.

ಹಣ ಇನ್ನೊಬ್ಬರಿಗೂ ಸಲ್ಲಬೇಕು. ನೀರಿನ ಕೆಳಗಿನ ಊರುಗಳ ಹೆಸರನ್ನು ವರಸೆಯಾಗಿ ಹೇಳಬಲ್ಲ ಹಿರಿಯರು ಸಾಗರ, ಹೊಸನಗರದ ಕಡೆ ಇನ್ನೂ ಇದ್ದಾರೆ. ಬೇರೆಡೆ ಕೊಟ್ಟ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅವರಲ್ಲಿ ಅನೇಕರಿಗೆ ಇಂದಿಗೂ ಮುಗಿದಿಲ್ಲ. ಅವರನ್ನು ‘ಮಾಹಿತಿದಾರ’ರೆಂದು ಕರೆದು, ಅರ್ಧ ಗಂಟೆ ಮಾತಾಡಿಸಿ, ಬಿಸ್ಕೆಟ್ ಪೊಟ್ಟಣ ಕೊಟ್ಟು ಬರುತ್ತೇವೆ. ಅತಿಥಿ ಉಪನ್ಯಾಸಕರಿಗೆ ಕೊಡುವ ಗಂಟೆಯ ದರವನ್ನೇ ಅವರಿಗೂ ಕೊಡಿ. ಕೆಂಪುಕಲ್ಲು ಕಡಿಯುವವನಿಗೂ ಕೊಡಿ. ನೆಲದಡಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ ಕೂಡ 1800–01ರಲ್ಲಿ ಊರೂರು ಸುತ್ತಿ ಜನರನ್ನು ಕೇಳಿಯೇ ಬರೆದದ್ದು.

ಅವಸರಕ್ಕೆ ಕಾರಣವೂ ಇದೆ. ಇದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಜಗಳ ನಡೆದಿದೆ. ಪರ, ವಿರೋಧ ಎರಡೂ ಕಡೆ ಇಂಜಿನಿಯರುಗಳು, ಪರಿಸರವಾದಿಗಳು, ಸ್ಥಳೀಯರು ಮಾತಾಡುತ್ತಿದ್ದಾರೆ. ನಮ್ಮ ವಿಭಾಗಗಳ ದನಿ ಎಲ್ಲಿ? ಕಣಿವೆಯ ಇಳಿಜಾರನ್ನು ಅಳೆಯದವರು ಸುರಂಗದ ಬಗ್ಗೆ ಏನು ಹೇಳಿಯಾರು.

ಅನುಮತಿಯ ಮಾತು. ಅಭಯಾರಣ್ಯದೊಳಗೆ ಟೆಂಟ್ ಹಾಕುವುದು ಬೇಡ; ಬೇಸಿಗೆ ಕಾಡ್ಗಿಚ್ಚಿನ ಕಾಲ, ಅರಣ್ಯ ಇಲಾಖೆಯ ನಿರ್ಬಂಧ ಸರಿಯೇ. ಊರಿನ ಶಾಲೆಯ ಮೈದಾನ ರಜೆಯಲ್ಲಿ ಖಾಲಿ ಇರುತ್ತದೆ. ಅಡಿಕೆ ಒಣಗಿಸಿ ಮುಗಿದ ಅಂಗಳಗಳಿವೆ. ಪಂಚಾಯಿತಿಗೆ ಒಂದು ಪತ್ರ ಸಾಕು. ದಿನಾಂಕ ಮಾತ್ರ ಪರೀಕ್ಷಾಂಗ ವಿಭಾಗ ನಿಗದಿ ಮಾಡುವಂತಿಲ್ಲ. ಮಡೆನೂರಿನ ಅಣೆಕಟ್ಟು ಕಾಣುವುದು ನೀರು ಇಳಿದ ಕೆಲವು ವಾರ, ಅದೂ ಎಲ್ಲ ವರ್ಷ ಅಲ್ಲ. ಜೂನಿನಲ್ಲಿ ಮಳೆ ಹಿಡಿದರೆ ಅದು ಮತ್ತೆ ಮುಳುಗುತ್ತದೆ.