ಅಶ್ವಶಕ್ತಿಗಿಂತ ಬಾಳಿಕೆ ಮುಖ್ಯ

ದೊಡ್ಡ ಟರ್ಬೊಚಾರ್ಜರ್ ಜೋಡಿಸಿದರೆ ಸಾಕು, ಕಾರು ಬಲಿಷ್ಠವಾಗುತ್ತದೆಂಬ ನಂಬಿಕೆ ಯುವಕರಲ್ಲಿ ಬೇರೂರಿದೆ. ಫಾರ್ಮುಲಾ ಒನ್ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1977ರಲ್ಲಿ 1.5 ಲೀಟರಿನ ಟರ್ಬೊ ಎಂಜಿನ್ನಿನೊಡನೆ ಕಣಕ್ಕಿಳಿದ ರೆನೊ, ಪದೇ ಪದೇ ಕೆಟ್ಟುನಿಂತು ನಗೆಪಾಟಲಾಯಿತು. ದೊಡ್ಡ ಟರ್ಬೊ ವೇಗ ಪಡೆಯುವುದೂ ತಡವಾಗುತ್ತಿತ್ತು. 1979ರಲ್ಲಿ ಅದರ ಬದಲು ಎರಡು ಚಿಕ್ಕ ಟರ್ಬೊಗಳನ್ನು ಅಳವಡಿಸಿದ ಬಳಿಕವಷ್ಟೇ ದಿಜೋನ್‌ನಲ್ಲಿ ಮೊದಲ ಗೆಲುವು ದಕ್ಕಿತು.

ಎತ್ತು ಬಲಿತರೆ ಸಾಲದು, ನೊಗವೂ ತಾಳಬೇಕು. ಆದ್ದರಿಂದ ಪಿಸ್ಟನ್, ಕನೆಕ್ಟಿಂಗ್ ರಾಡ್, ಇಂಟರ್‌ಕೂಲರ್, ಇಂಧನ ಪೂರೈಕೆ, ಬ್ರೇಕುಗಳಿಗೆ ಮೊದಲು ಹಣ ತೊಡಗಿಸುವುದೇ ವಿವೇಕವೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಭಾವಿಸುತ್ತೇನೆ. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ. ಇಂಥ ಪ್ರಯೋಗಗಳು ರೇಸ್ ಪಥದಲ್ಲಿ ನಡೆಯಲಿ. ಪಾದಚಾರಿಗಳ ಪ್ರಾಣವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ.